ಇರುವ ಮನೆಗೆ ಕೋಣೆ ಕೂಡಿಸುವಾಗ: ಮುಚ್ಚುವ ಮೊದಲು ನೋಡಬೇಕಾದದ್ದು

ಮನೆ ಕೆಲಸದಲ್ಲಿ ಬೇಗ ಕಣ್ಣಿಗೆ ಬೀಳುವುದು ಗೋಡೆ. ಒಂದು ವಾರದಲ್ಲಿ ನಾಲ್ಕೂ ಕಡೆ ಬ್ಲಾಕ್ ಎದ್ದು ನಿಂತರೆ ಮನೆಯವರಿಗೆ ಅರ್ಧ ಕೆಲಸ ಮುಗಿದ ಹಾಗೆ ಅನ್ನಿಸುತ್ತದೆ, ಕಂಟ್ರಾಕ್ಟರು ಅದೇ ಹೊತ್ತಿಗೆ ಸರಿಯಾಗಿ ದುಡ್ಡು ಕೇಳುತ್ತಾರೆ. ಮುಂದೆ ಬಿರುಕು, ಸೋರಿಕೆ, ತುಕ್ಕು ಶುರುವಾಗುವುದು ಮಾತ್ರ ಅಷ್ಟರಲ್ಲಾಗಲೇ ಮುಚ್ಚಿಹೋದ ಜಾಗಗಳಲ್ಲಿ: ಪಾಯದ ತಳ, ಹಳೇ ಕಂಬಿಗೆ ಹೊಸ ಕಂಬಿ ಸೇರಿದ ಕಡೆ, ಮೋಲ್ಡಿನ (ಕಾಂಕ್ರೀಟ್ ಸೂರಿನ) ಒಳಗೆ, ಗೋಡೆಯೊಳಗಿನ ಪೈಪಿನಲ್ಲಿ. ಹಾಗಾಗಿ ಕೆಲಸ ಎಷ್ಟು ಎತ್ತರ ಬಂತು ಅನ್ನುವುದಕ್ಕಿಂತ, ಮುಂದೆ ಮುಚ್ಚಿಹೋಗುವುದು ಯಾವುದು ಅನ್ನುವ ಪ್ರಶ್ನೆ ಮೇಸ್ತ್ರಿಯನ್ನು ದಿನವೂ ಕೇಳಬೇಕಾದದ್ದು. ಮುಚ್ಚುವ ಹಿಂದಿನ ದಿನ ನೀವು ಸ್ಥಳದಲ್ಲಿರಬೇಕು. ಹಣದ ಕಂತುಗಳನ್ನೂ ಅದೇ ಹಂತಗಳಿಗೆ ಕಟ್ಟಿಹಾಕಬೇಕು.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ: ಹಳೇ ಮನೆಯ ತಾರಸಿ ಮೇಲೆ 20 ಅಡಿಗೆ 15 ಅಡಿ, ಅಂದರೆ ಮೂರು ಚದರ (ಒಂದು ಚದರಕ್ಕೆ ನೂರು ಚದರಡಿ). ಹಿತ್ತಲಲ್ಲಿ ಕೋಣೆ ಹಾಕುವವರಿಗೆ ಪಾಯದ ಮಾತು ಬೇರೆಯಾಗಿ ಇದೆ.

ಗುದ್ದಲಿ ಪೂಜೆಗೂ ಮೊದಲು

ಹಳೇ ಮನೆ ಯಾವ ತರಹದ್ದು ಅನ್ನುವುದು ಮೊದಲು ತೀರ್ಮಾನವಾಗಲಿ. ಮೈಸೂರಿನ ಅಗ್ರಹಾರ, ಚಾಮುಂಡಿಪುರಂ, ಲಷ್ಕರ್ ಮೊಹಲ್ಲಾದಂಥ ಹಳೇ ಭಾಗಗಳಲ್ಲಿ ಮದ್ರಾಸ್ ತಾರಸಿಯ ಮನೆಗಳು, ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗಳು ಇನ್ನೂ ಇವೆ. ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಆ ತಾರಸಿಯ ಮೇಲೆ ಕೋಣೆ ಎಬ್ಬಿಸುವ ಯೋಚನೆಯನ್ನೇ ಬಿಡಿ. ಬೇಕಿದ್ದರೆ ಹೊರಗಿನಿಂದ ಬೇರೆ ಕಾಲಂ ನಿಲ್ಲಿಸಬೇಕು. ಕುವೆಂಪುನಗರ, ವಿಜಯನಗರದ ಕಡೆಯ ಮೋಲ್ಡ್ ಮನೆಗಳಲ್ಲೂ ಕಾಲಂ ಇರುವ ಮನೆ ಬೇರೆ, ಸೈಜುಗಲ್ಲಿನ ಪಾಯದ ಮೇಲೆ ಗೋಡೆಯೇ ಭಾರ ಹೊರುವ ಮನೆ ಬೇರೆ. ಎರಡನೆಯದರಲ್ಲಿ ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಬೇಕು. ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ, ಪಾಯದ ಪಕ್ಕ ಒಂದು ಗುಂಡಿ ತೆಗೆಸಿ ತಳ ಎಷ್ಟು ಆಳ, ಎಷ್ಟು ಅಗಲ ಎಂದು ಅಳತೆ ಮಾಡಿಸಿ. ಅವರ ಶುಲ್ಕ ಒಟ್ಟು ಖರ್ಚಿನಲ್ಲಿ ಚಿಕ್ಕದು. ಅದನ್ನು ಉಳಿಸಲು ಹೋಗುವವರೇ ಆಮೇಲೆ ಬಿರುಕಿಗೆ ಪುಟ್ಟಿ ತುಂಬಿಸುತ್ತಾ ಕೂರುವುದು.

ಅಂತಸ್ತು ಏರಿಸಲು, ಕೋಣೆ ಸೇರಿಸಲು ಪಾಲಿಕೆಯಿಂದ ಅಥವಾ ನಗರಸಭೆಯಿಂದ ನಕ್ಷೆ ಮಂಜೂರಾಗಬೇಕು. ಹಿತ್ತಲಲ್ಲಿ ಖಾಲಿ ಜಾಗ ಕಾಣುತ್ತದೆಂದು ಪೂರ್ತಿ ಕಟ್ಟುವಂತಿಲ್ಲ. 30×40 ನಿವೇಶನದಲ್ಲಿ ಅದು ಬಹುತೇಕ ಬಿಡಲೇಬೇಕಾದ ಜಾಗ.

ಇನ್ನು ಕರಾರು. ‘ಚದರಕ್ಕೆ ಇಷ್ಟು’ ಎಂದು ಬಾಯಿಮಾತಲ್ಲಿ ಮುಗಿಸಿದರೆ ಜಗಳ ಕಟ್ಟಿಟ್ಟ ಬುತ್ತಿ. ಮೆಟ್ಟಿಲು, ಹೆಡ್‌ರೂಂ, ಸಜ್ಜಾ, ಪ್ಯಾರಪೆಟ್, ಟ್ಯಾಂಕಿನ ಕಟ್ಟೆ ಇವು ಚದರದ ಲೆಕ್ಕದಲ್ಲಿ ಬರುತ್ತವೆಯೇ, ಬಂದರೆ ಪೂರ್ತಿಯೋ ಅರ್ಧವೋ ಎಂದು ಬರೆಯಿಸಿ. ಇರುವ ಮನೆಗೆ ಸೇರಿಸುವ ಕೆಲಸದಲ್ಲಿ ಎಲ್ಲರೂ ಮರೆಯುವುದು ಒಡೆಯುವ ಕೂಲಿ, ಒಡೆದ ಕಸ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ.

ಕೆಲಸ ಶುರುವಾಗುವ ಮುನ್ನ ಹಳೇ ಮನೆಯ ಎಲ್ಲ ಕೋಣೆಗಳ ಗೋಡೆ, ಸೂರು, ಕಿಟಕಿ ಮೂಲೆಗಳ ಫೋಟೊ ತೆಗೆದಿಡಿ. ಈಗಾಗಲೇ ಇರುವ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಗೆರೆ ದಾಟಿ ಬಿರುಕು ಬೆಳೆದರೆ ತಕ್ಷಣ ಗೊತ್ತಾಗುತ್ತದೆ. ಗೋಡೆ ಹಂಚಿಕೊಂಡ ಪಕ್ಕದ ಮನೆಯವರಿದ್ದರೆ ಅವರ ಕಡೆಯ ಫೋಟೊವನ್ನೂ ಅವರ ಎದುರೇ ತೆಗೆಯಿರಿ.

ಹಿತ್ತಲ ಕೋಣೆಯಾದರೆ: ಪಾಯ

ಹಳೇ ಪಾಯಕ್ಕೆ ಅಂಟಿಕೊಂಡು ಉದ್ದಕ್ಕೂ ಒಂದೇ ಸಲ ಅಗೆಯಬಾರದು. ನಾಲ್ಕು ನಾಲ್ಕು ಅಡಿ ತುಂಡು ಮಾಡಿ, ಒಂದು ಬಿಟ್ಟು ಒಂದರಂತೆ ತೆಗೆದು, ತುಂಬಿ, ಆಮೇಲೆ ನಡುವಿನದಕ್ಕೆ ಕೈ ಹಾಕಬೇಕು. ಹೊಸ ಗುಂಡಿ ಹಳೇ ಪಾಯದ ತಳಕ್ಕಿಂತ ಕೆಳಗೆ ಇಳಿಯುತ್ತಿದೆ ಎಂದರೆ ಕೆಲಸ ನಿಲ್ಲಿಸಿ ಎಂಜಿನಿಯರರನ್ನು ಕರೆಯಿರಿ. ಹಳೇ ಗೋಡೆಯ ಕೆಳಗಿನ ಮಣ್ಣು ಜಾರುವುದು ಇಲ್ಲೇ. ಅಗೆದ ಮಣ್ಣನ್ನು ಗುಂಡಿಯ ಅಂಚಿನಿಂದ ಮೂರಡಿಯಾದರೂ ಆಚೆ ಹಾಕಿಸಿ.

ತಳದ ಮಣ್ಣು ನೋಡದೆ ಬೆಡ್ ಕಾಂಕ್ರೀಟ್ ಹಾಕಲು ಬಿಡಬೇಡಿ. ಕೆಂಪು ಗರಸು ಮಣ್ಣು ಸಿಕ್ಕರೆ ಒಳ್ಳೆಯದು. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆಗಳು ಬಡಾವಣೆಗಳಾದ ಕಡೆ ಮೇಲೆ ತುಂಬಿದ ಮಣ್ಣು, ಅದರ ಕೆಳಗೆ ಗದ್ದೆಯ ಜೇಡಿ. ಎರಡನ್ನೂ ದಾಟಿ ಗಟ್ಟಿ ನೆಲ ಸಿಗುವವರೆಗೂ ಇಳಿಯಬೇಕು. ನಾಲೆಯಲ್ಲಿ ನೀರು ಹರಿಯುವ ತಿಂಗಳಲ್ಲಿ ಗುಂಡಿಯಲ್ಲಿ ಒರತೆ ಬರುವುದುಂಟು. ನೀರು ಎತ್ತಿ, ಕೆಸರು ಬಳಿದು ತೆಗೆದ ಮೇಲೆಯೇ ಕಾಂಕ್ರೀಟ್. ಕಪ್ಪು ಮಣ್ಣು ಸಿಕ್ಕರೆ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಲ್ಲಿ ಮಾಮೂಲಿ ಪಾಯ ನಡೆಯದು.

ಬೆಡ್ ನಾಲ್ಕು ಇಂಚು, ಹದ 1:4:8 (ಸಿಮೆಂಟ್, ಮರಳು, ಜಲ್ಲಿ). ಅದರ ಮೇಲೆ ಕಂಬಿಯ ಜಾಲ ನೇರವಾಗಿ ಕೂರಬಾರದು, ಅದನ್ನು ಎತ್ತಿ ಹಿಡಿಯುವ 50 ಎಂಎಂ ಕವರ್ ಬ್ಲಾಕ್ ಬೇಕು. ಕಲ್ಲಿನ ಚೂರು ಇಟ್ಟು ‘ಸಾಕು ಸಾರ್’ ಅಂದರೆ ಒಪ್ಪಬೇಡಿ. ಪಾಯ ಮುಗಿದು ಒಳಗೆ ಮಣ್ಣು ತುಂಬುವಾಗ ಆರರಿಂದ ಒಂಬತ್ತು ಇಂಚಿನ ಪದರ, ಪ್ರತಿ ಪದರಕ್ಕೂ ನೀರು, ದಮ್ಮಸ್. ಟಿಪ್ಪರ್ ತಂದು ಒಂದೇ ಸಲ ಸುರಿದರೆ ಎರಡನೇ ಮಳೆಗೆ ನೆಲ ಕುಸಿದು ಟೈಲ್ಸ್ ಟೊಳ್ಳು ಶಬ್ದ ಮಾಡುತ್ತದೆ.

ಹಳೇ ಗೋಡೆಗೂ ಹೊಸ ಗೋಡೆಗೂ ಸಂಬಂಧ ಹೇಗೆ ಅನ್ನುವುದನ್ನು ಪಾಯದ ಹಂತದಲ್ಲೇ ತೀರ್ಮಾನಿಸಬೇಕು. ಹಳೇ ಮನೆ ಕೂರಬೇಕಾದಷ್ಟು ಆಗಲೇ ಕೂತಿದೆ. ಹೊಸದು ಭಾರ ಬಿದ್ದ ಮೇಲೆ ಇನ್ನೂ ಸ್ವಲ್ಪ ಕೂರುತ್ತದೆ. ಎರಡನ್ನೂ ಬರೀ ಗಾರೆಯಲ್ಲಿ ಬೆಸೆದರೆ ಆ ಗೆರೆಯಲ್ಲೇ ಮೇಲಿಂದ ಕೆಳಕ್ಕೆ ಸೀಳುತ್ತದೆ. ಬಹಳಷ್ಟು ಮನೆಗಳಿಗೆ ಸರಿಹೋಗುವ ದಾರಿ, 20-25 ಎಂಎಂ ಸಂದು ಬಿಟ್ಟು, ಒಳಗೆ ಮೆತ್ತನೆಯ ಫಿಲ್ಲರ್ ತುಂಬಿ, ಹೊರಗೆ ಸೀಲಂಟ್ ಹಾಕಿ, ಮೇಲೆ ಅಲ್ಯೂಮಿನಿಯಂ ಪಟ್ಟಿ ಮುಚ್ಚುವುದು. ಪಟ್ಟಿಯನ್ನು ಒಂದೇ ಕಡೆ ಸ್ಕ್ರೂ ಮಾಡಬೇಕು, ಎರಡೂ ಕಡೆ ಬಿಗಿದರೆ ಸಂದು ಬಿಟ್ಟೂ ಪ್ರಯೋಜನವಿಲ್ಲ. ಅಂದ ಕೆಡುತ್ತದೆ ಎಂದು ಸಂದು ಬೇಡವೆನ್ನುವವರಿದ್ದಾರೆ. ಸೀಳಿದ ಗೋಡೆಯ ಅಂದ ಇನ್ನೂ ಕಮ್ಮಿ.

ಮಹಡಿಯಾದರೆ: ಹಳೇ ತಾರಸಿ, ಹಳೇ ಕಂಬಿ

ಮುಂದೆ ಕಟ್ಟೋಣವೆಂದು ತಾರಸಿ ಮೇಲೆ ಕಾಲಂ ಕಂಬಿ ಬಿಟ್ಟಿರುತ್ತಾರೆ. ಹತ್ತು ಹದಿನೈದು ವರ್ಷ ಮಳೆಗೆ ನೆಂದ ಆ ಕಂಬಿಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಸಿ ವರ್ನಿಯರ್‌ನಿಂದ ಅಳೆಯಿರಿ. ಬುಡದಲ್ಲಿ, ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲಿ, ಹೆಚ್ಚು ಸವೆದಿರುತ್ತದೆ, ಅಳೆಯಬೇಕಾದದ್ದು ಅಲ್ಲೇ. ಬಾಗಿಸಿ ಮಲಗಿಸಿದ್ದನ್ನು ಈಗ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದರೆ ಬಾಗಿದ ಜಾಗದಲ್ಲಿ ಸೀಳುವ ಅಪಾಯವಿದೆ.

ಉದ್ದವೂ ಮುಖ್ಯ. ಹೊಸ ಕಂಬಿ ಹಳೇದರ ಪಕ್ಕ ಕನಿಷ್ಠ ಅದರ ದಪ್ಪದ ಐವತ್ತು ಪಟ್ಟು ಸಾಗಬೇಕು ಎಂಬುದು ಸೈಟಿನ ಲೆಕ್ಕ: 12 ಎಂಎಂಗೆ ಎರಡು ಅಡಿ, 16 ಎಂಎಂಗೆ ಎರಡು ಅಡಿ ಎಂಟು ಇಂಚು. ಡ್ರಾಯಿಂಗ್‌ನಲ್ಲಿ ಇನ್ನೂ ಹೆಚ್ಚು ಹೇಳಿದ್ದರೆ ಅದೇ ಅಂತಿಮ. ಬಿಟ್ಟಿರುವುದು ಒಂದೂವರೆ ಅಡಿಯಾದರೆ ಬೈಂಡಿಂಗ್ ವೈರ್ ಇನ್ನೆರಡು ಸುತ್ತು ಸುತ್ತಿದರೆ ಬಲ ಬರುವುದಿಲ್ಲ. ಕಾಲಂನಲ್ಲಿ ತೂತು ಕೊರೆದು ಕೆಮಿಕಲ್ ಹಾಕಿ ಹೊಸ ಕಂಬಿ ನೆಡಬೇಕಾಗಬಹುದು. ಆಗ ನೋಡಬೇಕಾದದ್ದು ತೂತಿನ ಧೂಳು. ಬ್ರಷ್ ಹಾಕಿ, ಊದುವ ಪಂಪಿನಿಂದ ಊದಿ, ಮತ್ತೆ ಬ್ರಷ್ ಹಾಕಿ ಊದಬೇಕು. ಧೂಳಿನ ಮೇಲೆ ಹಾಕಿದ ಕೆಮಿಕಲ್ ಧೂಳನ್ನು ಹಿಡಿಯುತ್ತದೆ, ಕಾಂಕ್ರೀಟನ್ನಲ್ಲ. ಆಳ ಎಷ್ಟೆಂದು ಎಂಜಿನಿಯರ್ ಬರೆದುಕೊಡುತ್ತಾರೆ. ಕಂಬಿಗೆ ಆ ಅಳತೆಗೆ ಟೇಪ್ ಸುತ್ತಿಸಿ, ಟೇಪ್ ಮಟ್ಟ ಒಳಗಿಳಿಯಿತೇ ನೋಡಿ.

ತಾರಸಿ ಮೇಲೆ ಸಾಮಾನು ಪೇರಿಸುವುದು ಇನ್ನೊಂದು ಕಣ್ತಪ್ಪು. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಆರು ಇಂಚಿನ ಸಾಲಿಡ್ ಬ್ಲಾಕ್ ಒಂದೊಂದೂ 22-25 ಕೆಜಿ ತೂಗುತ್ತದೆ. ಒಂದೇ ವರಸೆ ಒತ್ತಾಗಿ ಮಲಗಿಸಿದರೂ ಚದರ ಮೀಟರಿಗೆ 270 ಕೆಜಿ ದಾಟಿತು. ಐದು ವರಸೆ ಪೇರಿಸಿದರೆ ಕೆಳಗಿನ ಹಾಲ್‌ನ ಸೂರಿನಲ್ಲಿ ಕೂದಲೆಳೆ ಬಿರುಕು ಬರುವುದರಲ್ಲಿ ಆಶ್ಚರ್ಯವಿಲ್ಲ. ಬ್ಲಾಕ್, ಎಂ ಸ್ಯಾಂಡ್, ಜಲ್ಲಿ ಕೆಳಗೇ ಇರಲಿ. ಆ ದಿನಕ್ಕೆ ಬೇಕಾದಷ್ಟು ಮಾತ್ರ ಮೇಲೇರಿ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಗೆರೆಯ ಮೇಲೆ ಹರಡಿರಲಿ.

ಸಾಮಾನು ಇಳಿಯುವ ದಿನ

ಲೇಬರ್ ಕಂಟ್ರಾಕ್ಟ್ ಕೊಟ್ಟು ಸಾಮಾನು ನೀವೇ ತರಿಸುತ್ತಿದ್ದರೆ ಇಳಿಸುವ ಮುನ್ನ ಅಳೆಯಿರಿ. ಟಿಪ್ಪರಿನ ಒಳಗಿನ ಉದ್ದ, ಅಗಲ, ಸರಾಸರಿ ಎತ್ತರ ಗುಣಿಸಿದರೆ ಘನ ಅಡಿ ಸಿಗುತ್ತದೆ. ಕಂಬಿಗೆ ವೇಬ್ರಿಡ್ಜ್ ಚೀಟಿ ಇದ್ದೇ ಇರುತ್ತದೆ. ಅದರ ಜೊತೆ 40 ಅಡಿಯ ಒಂದು ಪೂರ್ತಿ ಕಂಬಿ ತೂಗಿ ನೋಡಿ. 8 ಎಂಎಂ ಸುಮಾರು 4.7 ಕೆಜಿ, 10 ಎಂಎಂ 7.4, 12 ಎಂಎಂ 10.7, 16 ಎಂಎಂ 19 ಬರಬೇಕು. ತೀರಾ ಕಮ್ಮಿ ಬಂದರೆ ಕಂಬಿ ಸಣ್ಣದು.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ತಿಂಗಳು, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ಮೋಲ್ಡಿಗೆ ಬೇಡ. ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಪೇರಿಸದೆ ಇಡಿಸಿ. ಬ್ಲಾಕ್ ಲೆಕ್ಕ ಸುಲಭ: 16×8 ಇಂಚಿನದಾದರೆ ನೂರು ಚದರಡಿ ಗೋಡೆಗೆ 110-115. ಕಿಟಕಿ ಬಾಗಿಲು ಕಳೆದು ಲೆಕ್ಕ ಹಾಕಿದರೆ ಎಷ್ಟು ಉಳಿಯಬೇಕು, ಎಷ್ಟು ಒಡೆದುಹೋಯಿತು ಎಂದು ತಿಳಿಯುತ್ತದೆ.

ಗೋಡೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ನಾಲ್ಕರಿಂದ ಐದು ಅಡಿಗಿಂತ ಎತ್ತರ ಕಟ್ಟಬಾರದು, ಕೆಳಗಿನ ಗಾರೆ ಇನ್ನೂ ಹಸಿ ಇರುತ್ತದೆ. ಗಾರೆಯ ಹದ (ಸಿಮೆಂಟಿಗೆ ಮರಳು) ಆರಿಂಚಿನ ಗೋಡೆಗೆ 1:6, ನಾಲ್ಕಿಂಚಿನದಕ್ಕೆ 1:4. ನೀರು ಕಲೆಸಿದ ಗಾರೆ ಎರಡು ಗಂಟೆಯೊಳಗೆ ಮುಗಿಯಬೇಕು. ಊಟ ಮುಗಿಸಿ ಬಂದು ಗಟ್ಟಿಯಾದದ್ದಕ್ಕೆ ಮತ್ತೆ ನೀರು ಚಿಮುಕಿಸಿ ಕಲೆಸುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಪ್ರತಿ ಗೋಡೆಗೆ ಎರಡು ಕಡೆ ತೂಗುಗುಂಡು ಬಿಟ್ಟು ನೋಡಿ. ಗೋಡೆ ವಾಲಿದ್ದರೆ ಪ್ಲಾಸ್ಟರ್‌ನಲ್ಲಿ ಸರಿಮಾಡುತ್ತೇವೆ ಅನ್ನುತ್ತಾರೆ, ಆ ದಪ್ಪ ಪ್ಲಾಸ್ಟರಿನ ಸಿಮೆಂಟ್ ನಿಮ್ಮ ದುಡ್ಡು.

ಮೋಲ್ಡಿನ ಹಿಂದಿನ ದಿನ

ಇಡೀ ಕೆಲಸದಲ್ಲಿ ಒಂದೇ ಒಂದು ದಿನ ರಜೆ ಹಾಕಲು ಸಾಧ್ಯವಿದ್ದರೆ ಅದು ಮೋಲ್ಡಿನ ಹಿಂದಿನ ದಿನ. ಮೋಲ್ಡಿನ ದಿನ ಗಲಾಟೆಯಲ್ಲಿ ಏನನ್ನೂ ತಿದ್ದಲಾಗುವುದಿಲ್ಲ. ಮಿಕ್ಸರ್, ಲಿಫ್ಟ್, ಇಪ್ಪತ್ತು ಆಳು ಬಂದು ನಿಂತ ಮೇಲೆ ಕಂಬಿ ಬಿಚ್ಚಿ ಎಂದು ಹೇಳಲು ಎಂಜಿನಿಯರಿಗೂ ಬಾಯಿ ಬರುವುದಿಲ್ಲ.

ಮೊದಲು ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹೊರುವ ಶೀಟು ಮತ್ತು ಕಂಬಗಳು. ಪ್ರತಿ ಜಾಕ್ ಅಥವಾ ಮರದ ಕಂಬದ ಬುಡ ಹಲಗೆಯ ಮೇಲೆ ನಿಂತಿದೆಯೇ, ಸಡಿಲ ಇಟ್ಟಿಗೆ ಮೇಲೆಯೇ? ಮಹಡಿಯ ಕೆಲಸದಲ್ಲಿ ಈ ಕಂಬಗಳು ಹಳೇ ತಾರಸಿ ಮೇಲೆ ನಿಲ್ಲುತ್ತವೆ, ಹಸಿ ಕಾಂಕ್ರೀಟಿನ ಭಾರವೆಲ್ಲ ಅದರ ಮೇಲೆ ಇಳಿಯುತ್ತದೆ. ಕೆಳಮನೆಯ ಹಾಲಿನಲ್ಲೂ ಜಾಕ್ ಕೊಡಬೇಕೇ ಎಂದು ಎಂಜಿನಿಯರರನ್ನು ಕೇಳಿ. ದೊಡ್ಡ ಹಾಲ್ ಇದ್ದರೆ ಸಾಮಾನ್ಯವಾಗಿ ಬೇಕಾಗುತ್ತದೆ. ಶೀಟುಗಳ ಸಂದಿಗೆ ಟೇಪ್ ಹಚ್ಚಿರಬೇಕು, ಇಲ್ಲವಾದರೆ ಸಿಮೆಂಟ್ ಹಾಲು ಸೋರಿ ಕೆಳಗೆ ಜೇನುಗೂಡಿನಂತೆ ತೂತಾಗುತ್ತದೆ.

ಆಮೇಲೆ ಕಂಬಿ. ಅಂದಾಜು ಮಾಡಬೇಡಿ, ಎಣಿಸಿ. ಡ್ರಾಯಿಂಗ್‌ನಲ್ಲಿ 150 ಎಂಎಂಗೆ ಒಂದು ಎಂದಿದ್ದರೆ 3 ಮೀಟರಿನಲ್ಲಿ 21 ಕಂಬಿ ಇರಬೇಕು. 18 ಇದ್ದರೆ ಯಾರೋ ಏಳಿಂಚಿಗೆ ಕಟ್ಟಿದ್ದಾರೆ. ಸ್ಲ್ಯಾಬ್ ಕೆಳಗೆ 20 ಎಂಎಂ, ಕಾಲಂ ಸುತ್ತ 40 ಎಂಎಂ ಕವರ್ ಬ್ಲಾಕ್ ಇವೆಯೇ ನೋಡಿ. ಬೀಮ್ ಮತ್ತು ಗೋಡೆಗಳ ಮೇಲೆ ಬರುವ ಮೇಲ್ಗಡೆಯ ಕಂಬಿಗಳು ‘ಕುರ್ಚಿ’ಯ (ಬಾಗಿಸಿದ ಕಂಬಿಯ ಆಸರೆ) ಮೇಲೆ ನಿಂತಿರಬೇಕು. ಆಳುಗಳು ತುಳಿದು ಅವು ಕೆಳಗಿನ ಜಾಲಕ್ಕೇ ಅಂಟಿಕೊಂಡರೆ ಇದ್ದೂ ಇಲ್ಲದ ಹಾಗೆ. ಬಾಲ್ಕನಿ, ಸಜ್ಜಾ ಉರುಳುವುದು ಹೆಚ್ಚಾಗಿ ಇದೇ ಕಾರಣಕ್ಕೆ, ಏಕೆಂದರೆ ಹೊರಚಾಚಿದ ಸ್ಲ್ಯಾಬಿನಲ್ಲಿ ಎಳೆತ ಬರುವುದು ಮೇಲ್ಗಡೆ. ಫ್ಯಾನ್ ಬಾಕ್ಸ್, ಲೈಟ್ ಪೈಪು, ನೀರಿನ ಪೈಪಿನ ತೂತು ಎಲ್ಲ ಈಗಲೇ ಕೂತಿರಲಿ. ಟೇಪ್ ಹಿಡಿದು ಫೋಟೊ ತೆಗೆದುಕೊಳ್ಳಿ, ಎಂಜಿನಿಯರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಮೋಲ್ಡಿನ ಕಂತಿನ ಹಣ ಈ ಸಹಿಯಾದ ಮೇಲೆ.

ಕಾಂಕ್ರೀಟ್ ಲೆಕ್ಕ: 20×15 ಅಡಿಗೆ ಐದಿಂಚಿನ ಸ್ಲ್ಯಾಬ್ ಎಂದರೆ 125 ಘನ ಅಡಿ, ಸುಮಾರು 3.5 ಘನ ಮೀಟರ್. 1:1.5:3 ಹದಕ್ಕೆ ಘನ ಮೀಟರಿಗೆ ಎಂಟು ಚೀಲದಂತೆ 28 ಚೀಲ ಸಿಮೆಂಟ್. ಬೀಮು, ಸಜ್ಜಾ ಬೇರೆ. ಸಂಜೆ ಖಾಲಿ ಚೀಲ ಎಣಿಸಿ. 28 ಬೇಕಾದ ಕಡೆ 22 ಸಿಕ್ಕರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಹದ ಬಾಂಡ್ಲಿ ಲೆಕ್ಕದಲ್ಲಿ ನಡೆಯುತ್ತದೆ, ಬಾಂಡ್ಲಿಗಳು ಒಂದೇ ಅಳತೆಯವಲ್ಲ. ಒಂದು ಚೀಲ ಸಿಮೆಂಟ್ ಎಂದರೆ 35 ಲೀಟರ್ ಗಾತ್ರ. ಆ ಅಳತೆಯ ಪೆಟ್ಟಿಗೆ ತುಂಬಲು ಎಷ್ಟು ಬಾಂಡ್ಲಿ ಬೇಕೆಂದು ಬೆಳಿಗ್ಗೆಯೇ ಒಮ್ಮೆ ಅಳೆಸಿ, ಎಂ ಸ್ಯಾಂಡಿಗೆ ಅದರ ಒಂದೂವರೆ ಪಟ್ಟು, ಜಲ್ಲಿಗೆ ಮೂರು ಪಟ್ಟು ಎಂದು ಸಂಖ್ಯೆ ನಿಗದಿ ಮಾಡಿ. ನೀರು ಚೀಲಕ್ಕೆ 30 ಲೀಟರ್ ಮೀರಬಾರದು. ಎಂ ಸ್ಯಾಂಡ್ ನೆಂದಿದ್ದರೆ ಇನ್ನೂ ಕಮ್ಮಿ. ಸುಲಭವಾಗಿ ಹರಿಯಲೆಂದು ಮಿಕ್ಸರಿಗೆ ಪೈಪು ಬಿಡುವವರನ್ನು ಗಮನಿಸಿ. ಹೆಚ್ಚಾದ ನೀರು ಆವಿಯಾಗಿ ಹೋದ ಕಡೆಯೆಲ್ಲ ಸಣ್ಣ ರಂಧ್ರ ಉಳಿಯುತ್ತದೆ, ಬಲ ಕುಗ್ಗುತ್ತದೆ, ಮಳೆಗಾಲದಲ್ಲಿ ಸೂರು ಬೆವರುತ್ತದೆ. ವೈಬ್ರೇಟರ್ ಸೂಜಿಯನ್ನು ನೆಟ್ಟಗೆ ಇಳಿಸಿ, ಗುಳ್ಳೆ ನಿಂತ ಮೇಲೆ ನಿಧಾನ ಎಳೆಯಬೇಕು. ಅದರಿಂದ ಕಾಂಕ್ರೀಟ್ ದಬ್ಬಿ ಸಾಗಿಸಬಾರದು. ಬಲದ ಪರೀಕ್ಷೆಗೆ 150 ಎಂಎಂ ಅಚ್ಚಿನಲ್ಲಿ ಅದೇ ಕಾಂಕ್ರೀಟಿನ ಆರು ಕ್ಯೂಬ್ ತೆಗೆಸಿ, ಮೂರನ್ನು ಏಳನೇ ದಿನ, ಮೂರನ್ನು 28ನೇ ದಿನ ಲ್ಯಾಬಿನಲ್ಲಿ ಒಡೆಸಿ.

ನಮ್ಮ ಕಡೆ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜೋರು. ಆ ದಿನಗಳಲ್ಲಿ ಏಳು ಗಂಟೆಗೇ ಶುರುಮಾಡಿ, ಮೂರರೊಳಗೆ ಮುಗಿಸಿ, ಟಾರ್ಪಾಲ್ ಮೇಲೇ ಇಟ್ಟುಕೊಂಡಿರಿ.

ನೀರು ಮತ್ತು ದಿನಗಳ ಎಣಿಕೆ

ಮಾರನೇ ದಿನದಿಂದ ಗಾರೆಯ ಕಟ್ಟೆ ಮಾಡಿ ನೀರು ನಿಲ್ಲಿಸಿ. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಹತ್ತು ದಿನ ಕನಿಷ್ಠ, 14 ದಿನ ಒಳ್ಳೆಯದು. ಕಾಲಂಗೆ ಗೋಣಿತಾಟು ಸುತ್ತಿ ನೆನೆಸಬೇಕು. ಕಟ್ಟೆ ಇರುವುದರಿಂದ ಸ್ಲ್ಯಾಬಿಗೆ ನೀರು ಸಿಗುತ್ತದೆ, ಕಾಲಂ ಯಾವಾಗಲೂ ಒಣಗುತ್ತದೆ.

ಬೀಮಿನ ಪಕ್ಕದ ಹಲಗೆ ಒಂದು ದಿನಕ್ಕೆ ತೆಗೆಯಬಹುದು. ಕೆಳಗಿನ ಆಸರೆಗೆ 14 ದಿನವಾದರೂ ಕಾಯಿರಿ. ಸ್ಲ್ಯಾಬಿನ ಅಗಲ 15 ಅಡಿ ಇದ್ದು ಪಿಪಿಸಿ ಬಳಸಿದ್ದರೆ ಅದಕ್ಕೂ ಮುಂಚೆ ಕೈ ಹಾಕುವುದು ಬೇಡ. ಸೆಂಟ್ರಿಂಗ್ ಶೀಟು ಬಾಡಿಗೆಯದು, ಮುಂದಿನ ಸೈಟಿಗೆ ಬೇಕು. ಅವಸರ ಬರುವುದು ಅಲ್ಲಿಂದ. ಈ ಕಾಯುವ ದಿನಗಳಲ್ಲಿ ಕೆಲಸ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ. ಇದೇ ಹೊತ್ತಿಗೆ ಗೌರಿ-ಗಣೇಶ, ದಸರಾ, ಊರ ಹಬ್ಬ ಬಂದು ಆಳುಗಳು ಊರಿಗೆ ಹೋಗುವುದನ್ನೂ ವೇಳಾಪಟ್ಟಿಯಲ್ಲಿ ಸೇರಿಸಿಕೊಂಡರೆ ಮನಸ್ತಾಪ ತಪ್ಪುತ್ತದೆ. ಶನಿವಾರದ ಬಟವಾಡೆಗೆಂದು ಕೇಳುವ ಮುಂಗಡವನ್ನು ಅಂದಂದೇ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ, ಮುಂದಿನ ಕಂತಿನಲ್ಲಿ ಕಳೆಯಿರಿ.

ಪ್ಲಾಸ್ಟರಿಗೆ ಮುನ್ನ

ಗೋಡೆ ಕೊರೆದು ಕೂರಿಸಿದ ವೈರಿಂಗ್ ಪೈಪು, ನೀರಿನ ಪೈಪು ಎಲ್ಲದರ ಫೋಟೊ ಬೇಕು, ನೆಲದಿಂದ ಮತ್ತು ಮೂಲೆಯಿಂದ ಟೇಪ್ ಕಾಣುವಂತೆ. ಮುಂದೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುವುದು ಇದೊಂದೇ ದಾಖಲೆ. ನೀರಿನ ಪೈಪನ್ನು ಪ್ರೆಷರ್ ಪಂಪಿನಿಂದ ತುಂಬಿ, ಮುಳ್ಳು ಇಳಿಯದೆ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಗಾರೆ. ವೈರು: ಲೈಟಿಗೆ 1.5, ಪವರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಎಂಎಂ. ಹೊಸ ಕೋಣೆಯ ವೈರನ್ನು ಹಳೇ ಮನೆಯ ಯಾವುದೋ ಸ್ವಿಚ್ ಬಾಕ್ಸಿನಿಂದ ಎಳೆಯಬಾರದು. ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇರಲಿ. ಗೀಸರ್, ಎಸಿ ಸೇರುವುದಾದರೆ ಲೋಡ್ ಹೆಚ್ಚಿಸಲು ಈ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಈಗಲೇ ಹಾಕಿ.

ಕಾಲಂ ಮತ್ತು ಬ್ಲಾಕ್ ಸೇರುವ ಗೆರೆಗಳಿಗೆಲ್ಲ ಒಂದಡಿ ಅಗಲದ ಚಿಕನ್ ಮೆಶ್ ಬಡಿದಿರಬೇಕು.

ಹಳತು ಹೊಸತು ಸೇರುವ ಗೆರೆಗೆ ನೀರಿನ ಪರೀಕ್ಷೆ

ಕೊನೆಗೆ ಸೋರುವುದು ಎರಡೇ ಕಡೆ: ಹೊಸ ಗೋಡೆಯ ಬುಡ ಹಳೇ ತಾರಸಿಗೆ ತಾಗುವ ಮೂಲೆ, ಮತ್ತು ಹಿತ್ತಲ ಕೋಣೆಯ ಹೊಸ ಸೂರು ಹಳೇ ಗೋಡೆಗೆ ತಾಗುವ ಗೆರೆ. ಮೊದಲನೆಯದರಲ್ಲಿ ಹಳೇ ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣದ ಗಾರೆ) ಪದರವನ್ನು ಸ್ಲ್ಯಾಬ್ ಕಾಣುವವರೆಗೆ ತೆಗೆದು, ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿ, ವಾಟರ್‌ಪ್ರೂಫಿಂಗ್ ಗೋಡೆಯ ಮೇಲೆ ಒಂದಡಿ ಏರುವಂತೆ ಬಳಿಸಿ. ಎರಡನೆಯದರಲ್ಲಿ ಹಳೇ ಗೋಡೆಯಲ್ಲಿ ಉದ್ದಕ್ಕೆ ಸಣ್ಣ ಸೀಳು ಕೊರೆದು, ಸಂದು ಮುಚ್ಚುವ ಶೀಟಿನ ಅಂಚು ಒಳಗೆ ಸೇರಿಸಬೇಕು. ಮೇಲೆ ಬರೀ ಸೀಲಂಟ್ ಬಳಿದರೆ ಒಂದು ಬೇಸಿಗೆಗೆ ಸುಲಿದು ಬರುತ್ತದೆ. ಹೊಸ ತಾರಸಿಗೆ ನೂರಕ್ಕೆ ಒಂದರ ಇಳಿಜಾರು, ಅಂದರೆ ಹತ್ತು ಅಡಿಗೆ ಒಂದು ಇಂಚು ಚಿಲ್ಲರೆ, ಪೈಪಿನ ಕಡೆಗೆ.

ಪೈಪಿನ ಬಾಯಿ ಮುಚ್ಚಿ ಎರಡಿಂಚು ನೀರು ಕಟ್ಟಿ, 48 ಗಂಟೆ ಬಿಡಿ. ಕೆಳಗಿನ ಸೂರಿನಲ್ಲಿ ತೇವದ ಕಲೆ ಬಂದರೆ ಸೀಮೆಸುಣ್ಣದಿಂದ ಸುತ್ತು ಹಾಕಿ ಫೋಟೊ ತೆಗೆದು, ಸರಿಪಡಿಸಿ, ಮತ್ತೆ ನೀರು ಕಟ್ಟಬೇಕು. ಬಚ್ಚಲುಮನೆಗೂ ಟೈಲ್ಸ್‌ಗೆ ಮುನ್ನ ಇದೇ ಪರೀಕ್ಷೆ.

ಒಟ್ಟು ಬಿಲ್ಲಿನಲ್ಲಿ ಶೇ. 5ರಷ್ಟನ್ನು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಕರಾರಿನಲ್ಲೇ ಬರೆದಿರಬೇಕು. ಏಪ್ರಿಲಿನಲ್ಲಿ ಬಣ್ಣ ಮುಗಿದರೆ ಅಕ್ಟೋಬರ್ ಮಳೆ ನಿಂತ ಮೇಲೆ ಪೆನ್ಸಿಲ್ ಗೆರೆಗಳನ್ನೂ ಸೂರನ್ನೂ ಮತ್ತೊಮ್ಮೆ ನೋಡಿ ಆ ಹಣ ಕೊಡಿ.